ಮೀನಂಗಡಿಯ ಐಸು

ಸುಕನ್ಯ ಪಂಚಾಯಿತಿಯ ಕಸದ ಗಾಡಿ ಓಡಿಸುವ ಕೆಲಸಕ್ಕೆ ಸೇರಿದ ದಿನ ಅವಳ ಅತ್ತೆ ಪುಟ್ಟಸಿದ್ದಮ್ಮ ಊಟ ಮಾಡಲಿಲ್ಲ. ಸೊಸೆ ಕಸ ಎತ್ತುತ್ತಾಳಲ್ಲ ಎಂಬ ಬೇಸರ ಅದಲ್ಲ. ಹೊಗೆಸೊಪ್ಪು ಬೇಯಿಸಿ ಹದಮಾಡುವ ಬ್ಯಾರನ್ನುಗಳಲ್ಲಿ ಸೊಪ್ಪು ಕಟ್ಟಿ ಬದುಕಿದವಳಿಗೆ ಯಾವ ಕೆಲಸವೂ ಕೀಳಾಗಿ ಕಂಡಿರಲಿಲ್ಲ. ಅವಳಿಗಿದ್ದದ್ದು ಗಾಡಿಯ ಭಯ. ಪುಟ್ಟಸಿದ್ದಮ್ಮನ ಗಂಡ ಮಾದೇವ ಲಾರಿ ಡ್ರೈವರ್ ಆಗಿದ್ದ. ಮಗ ಸುನೀಲ್‌ಕುಮಾರ ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಪಿರಿಯಾಪಟ್ಟಣದಿಂದ ಶುಂಠಿ ತುಂಬಿಕೊಂಡು ಬರುತ್ತಿದ್ದ ಲಾರಿ ತಿರುವಿನಲ್ಲಿ ಮಗುಚಿ ಮಾದೇವ ತೀರಿಕೊಂಡ. ಬೆಳಿಗ್ಗೆ ಮುದ್ದೆ ಉಂಡು ಹೋದವನನ್ನು ಸಂಜೆ ಇನ್ಯಾವುದೋ ಗಾಡಿಯಲ್ಲಿ ಮಲಗಿಸಿ ತಂದರು.

ಆಮೇಲೆ ಸುನೀಲ ಮೆಕ್ಯಾನಿಕ್ ಕೆಲಸ ಕಲಿಯುತ್ತೇನೆಂದಾಗ ಪುಟ್ಟಸಿದ್ದಮ್ಮ ಒಂದೇ ಮಾತು ಹೇಳಿದ್ದಳು. "ರಿಪೇರಿ ಬೇಕಾದ್ರೆ ಮಾಡ್ಲಾ. ಓಡ್ಸೋಕೋಗ್ಬ್ಯಾಡ." ಸುನೀಲ ಆ ಮಾತನ್ನು ಆದಷ್ಟು ಉಳಿಸಿಕೊಂಡಿದ್ದ. ಹುಣಸೂರಿನ ಶಶಿಕುಮಾರನ ಗ್ಯಾರೇಜಿನಲ್ಲಿ ಎಂಜಿನ್ ಕೆಲಸಕ್ಕೆ ಅವನೇ ಬೇಕು ಎಂದು ಗಿರಾಕಿಗಳು ಕಾಯುವ ಮಟ್ಟಕ್ಕೆ ಬಂದಿದ್ದರೂ, ಬಿಳಿಕೆರೆಯಿಂದ ಒಳಗಿರುವ ತನ್ನ ಹಳ್ಳಿಯಿಂದ ಅವನು ಬಸ್ಸಿನಲ್ಲೇ ಓಡಾಡುತ್ತಿದ್ದ. ಆದರೆ ಸೊಸೆಯನ್ನು ಹಾಗೆ ಕಟ್ಟಿಹಾಕಲು ಪುಟ್ಟಸಿದ್ದಮ್ಮನಿಗೆ ಬಾಯಿ ಬರಲಿಲ್ಲ. ಮಹಿಳಾ ಸಂಘದಿಂದ ಡ್ರೈವಿಂಗ್ ಕಲಿಸಿ, ಪಂಚಾಯಿತಿಯವರೇ ಕರೆದು ಕೊಟ್ಟ ಕೆಲಸ. ಸುಕನ್ಯಳಿಗೆ ಅದು ಒಗ್ಗಿತ್ತು. ಎರಡೂ ಕಡೆ ಚರಂಡಿ ಇರುವ ಓಣಿಗಳಲ್ಲಿ, ಮಲಗಿದ ಎಮ್ಮೆ, ನಿಲ್ಲಿಸಿದ ಬೈಕು, ಒಣಹಾಕಿದ ಹುರುಳಿ ಎಲ್ಲವನ್ನೂ ತಪ್ಪಿಸಿಕೊಂಡು ಅವಳು ಗಾಡಿಯನ್ನು ಹಿಂದಕ್ಕೆ ತೆಗೆಯುವುದನ್ನು ಜನ ನಿಂತು ನೋಡುತ್ತಿದ್ದರು.

ಒಮ್ಮೆ ಹಾಗೆ ನಿಂತು ನೋಡಿದವರಲ್ಲಿ ಶಶಿಕುಮಾರನೂ ಒಬ್ಬ. ಅವನದು ಹೊಗೆಸೊಪ್ಪು ಬೆಳೆಯುವ ದೊಡ್ಡ ಮನೆ; ಆದರೆ ಅವನ ಜೀವವೆಲ್ಲ ಕಾರುಗಳಲ್ಲಿತ್ತು. ಮಡಿಕೇರಿ ಕಡೆಯ ಎಸ್ಟೇಟೊಂದರ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಒಂದು ಸ್ಪೋರ್ಟ್ಸ್ ಕಾರನ್ನು ಅವನು ಕೊಂಡು ತಂದಿದ್ದ. ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಕಾರು. ಅದನ್ನು ಅವನೂ ಸುನೀಲನೂ ಸೇರಿ ಒಂದು ವರ್ಷ ಬಿಚ್ಚಿ ಜೋಡಿಸಿದ್ದರು. ಅಷ್ಟರಲ್ಲಿ ಶಶಿಕುಮಾರನ ಬೆನ್ನು ಕೈಕೊಟ್ಟಿತು. ಆ ತಗ್ಗಿನ ಸೀಟಿನಲ್ಲಿ ಕೂತರೆ ಏಳಲಿಕ್ಕೇ ಆಗುತ್ತಿರಲಿಲ್ಲ.

"ಸುನೀಲ, ಬಿಳಿಕೆರೆ ಹತ್ರ ಹೊಲದಲ್ಲಿ ಕಾರ್ ರೇಸ್ ಮಾಡ್ತಾರಂತೆ ಕಣೋ, ಮೈಸೂರು ಹುಡುಗ್ರು," ಅಂದ ಶಶಿಕುಮಾರ. "ಹೆಂಗಸ್ರಿಗೂ ಬೇರೆ ಇದೆಯಂತೆ. ನಿನ್ನ ಹೆಂಡ್ತಿ ಓಡಿಸ್ತಾಳಾ ಕೇಳು."

ಸುನೀಲ ಮನೆಗೆ ಬಂದು, ಅಮ್ಮ ಹಿತ್ತಲಿಗೆ ಹೋದಾಗ ಹೆಂಡತಿಯನ್ನು ಕೇಳಿದ. ಸುಕನ್ಯ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. "ಅತ್ತೆಗೆ ಏನಂತ ಯೋಳೋದು?" ಅಂದಳು. ಆ ಪ್ರಶ್ನೆಯಲ್ಲೇ ಅವಳ ಆಸೆ ಸುನೀಲನಿಗೆ ಗೊತ್ತಾಯಿತು.

ಅತ್ತೆಗೆ ಹೇಳಲಿಲ್ಲ. ಭಾನುವಾರಗಳಲ್ಲಿ ಸಂಘದ ಮೀಟಿಂಗ್ ಅಂತ ಹೊರಟು, ಸುಕನ್ಯ ಶಶಿಕುಮಾರನ ಖಾಲಿ ಹೊಲದಲ್ಲಿ ಕಾರು ಓಡಿಸಿ ಕಲಿತಳು. ವಾಪಸ್ಸು ಬರುವಾಗ ಕೈಕಾಲು ತೊಳೆದುಕೊಂಡು, ತಲೆ ಬಾಚಿಕೊಂಡು ಬರುತ್ತಿದ್ದಳು. "ಮೀಟಿಂಗ್ ಎಂಗಾಯ್ತವ್ವ?" ಎಂದು ಅತ್ತೆ ಕೇಳಿ ಮುದ್ದೆ ಬಡಿಸುವಾಗ ಅವಳು ತಟ್ಟೆ ನೋಡುತ್ತಲೇ ಚೆನ್ನಾಗಾಯ್ತು ಅನ್ನುತ್ತಿದ್ದಳು.

ಕಾರಿನ ವಿಷಯದಲ್ಲಿ ಸುನೀಲನಿಗೆ ಒಂದೇ ಚಿಂತೆಯಿತ್ತು. ಅದರ ಎಂಜಿನ್ನಿಗೆ ಸೂಪರ್‌ಚಾರ್ಜರ್ ಇತ್ತು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಯಂತ್ರ ಅದು. ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನೊಳಕ್ಕೆ ತುರುಕುತ್ತದೆ. ಗಾಳಿ ಹೆಚ್ಚು ಹೋದಷ್ಟೂ ಪೆಟ್ರೋಲು ಹೆಚ್ಚು ಉರಿದು, ಸಣ್ಣ ಎಂಜಿನ್ನೂ ದೊಡ್ಡದರ ಹಾಗೆ ಎಳೆಯುತ್ತದೆ. ಆದರೆ ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ತೆಳ್ಳಗಾಗಿ ಎಂಜಿನ್ನಿನ ಕಸುವು ಇಳಿಯುತ್ತದೆ. ಇನ್ನೂ ಕಾದರೆ ಒಳಗೆ ಟಿಣಿ ಟಿಣಿ ಬಡಿದುಕೊಳ್ಳಲು ಶುರುವಾಗುತ್ತದೆ. ಅದಕ್ಕೇ ಗಾಳಿ ಎಂಜಿನ್ ಸೇರುವ ದಾರಿಯಲ್ಲಿ ಒಂದು ಕೂಲರ್ ಇರಬೇಕು. ಈ ಕಾರಿನದು ತೂತುಬಿದ್ದು ಹಾಳಾಗಿತ್ತು. ಹೊಸದು ಎಲ್ಲಿಯೂ ಸಿಗಲಿಲ್ಲ. ಕೆ.ಆರ್. ನಗರದ ರೇಡಿಯೇಟರ್ ಕೆಲಸದವರ ಹತ್ತಿರ ಕೂತು ಸುನೀಲ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿಸಿದ. ಅದರೊಳಗಿನ ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಯಬೇಕು, ಕೊಳವೆಗಳ ಸುತ್ತ ಬಿಸಿ ಗಾಳಿ ಹಾದು ತಣ್ಣಗಾಗಬೇಕು. ನೀರಿಗೆ ಸೀಟಿನ ಹಿಂದೆ ಒಂದು ಟ್ಯಾಂಕು, ತಿರುಗಿಸಲು ಒಂದು ಪುಟ್ಟ ಪಂಪು.

ಬೆಳಗಿನ ಹೊತ್ತು ಶಶಿಕುಮಾರನ ಹೊಲದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು.

ರೇಸಿನ ದಿನ ಮಾರ್ಚ್ ತಿಂಗಳ ಒಂದು ಭಾನುವಾರ. ಬೆಳೆ ತೆಗೆದು ಖಾಲಿ ಬಿಟ್ಟಿದ್ದ ಹೊಲದಲ್ಲಿ ಹಳೆಯ ಟೈರುಗಳನ್ನು ಸಾಲಾಗಿ ಇಟ್ಟು ಅಂಕುಡೊಂಕು ದಾರಿ ಮಾಡಿದ್ದರು. ಒಬ್ಬೊಬ್ಬರೇ ಓಡಿಸಬೇಕು, ಯಾರು ಕಡಿಮೆ ಹೊತ್ತಿನಲ್ಲಿ ಮುಗಿಸುತ್ತಾರೋ ಅವರು ಮುಂದೆ. ಪ್ರತಿಯೊಬ್ಬರಿಗೂ ಎರಡು ಅವಕಾಶ, ಎರಡರಲ್ಲಿ ಕಡಿಮೆ ಹೊತ್ತಿನದೇ ಲೆಕ್ಕಕ್ಕೆ. ಮರವೊಂದೂ ಇಲ್ಲದ ಬಯಲಿನಲ್ಲಿ ಕಾರುಗಳು ಸಾಲಾಗಿ ಬಿಸಿಲು ಕಾಯುತ್ತ ನಿಂತಿದ್ದವು. ಸುಕನ್ಯ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಮೈಸೂರಿನಿಂದ ಬಂದಿದ್ದ ಹುಡುಗಿಯರ ಹೊಳೆಯುವ ಸೂಟುಗಳನ್ನು ನೋಡುತ್ತ ಕೂತಿದ್ದಳು. ಅವಳು ತೊಟ್ಟಿದ್ದು ಸುನೀಲನ ಪ್ಯಾಂಟು, ಶಶಿಕುಮಾರ ಎಲ್ಲಿಂದಲೋ ತಂದುಕೊಟ್ಟ ದಪ್ಪ ಅಂಗಿ.

ಅವಳ ಸರದಿ ಬಂತು. ಹೊರಟಾಗ ಕಾರು ಬಾಣದ ಹಾಗೆ ಹೋಯಿತು. ಮೊದಲ ತಿರುವು, ಎರಡನೆಯದು, ಧೂಳಿನ ಮೋಡ. ಸುನೀಲ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದ. ಅರ್ಧ ದಾರಿ ದಾಟುವ ಹೊತ್ತಿಗೆ ಸದ್ದು ಮಂಕಾಯಿತು. ಸುಕನ್ಯ ಒತ್ತುತ್ತಿದ್ದಾಳೆ, ಕಾರು ಏಳುತ್ತಿಲ್ಲ. ಕೊನೆಯ ನೇರ ದಾರಿಯಲ್ಲಿ, ಎಲ್ಲರೂ ಹಾರಿಸುವ ಕಡೆ, ಅದು ಭಾರ ಹೊತ್ತ ಎತ್ತಿನ ಹಾಗೆ ಬಂತು.

ಅವಳ ಹೆಸರು ಪಟ್ಟಿಯಲ್ಲಿ ಕೆಳಗಡೆ ಬಂತು. ಹಿಂದೆ ನಿಂತಿದ್ದ ಊರಿನವರು ಯಾರೋ "ಕಸದ ಗಾಡಿ ಓಡಿಸ್ದಂಗೆ ಓಡಿಸ್ತು" ಎಂದು ನಕ್ಕರು.

ಸುಕನ್ಯ ಇಳಿದು ಬಂದವಳು ಗಂಡನ ಮುಖ ನೋಡಲಿಲ್ಲ. "ನನ್ನಿಂದ ಆಗ್ನಿಲ್ಲ ಕಣ್ರೀ. ಸುಮ್ನೆ ನಿಮ್ಮ ಒಂದ್ ವರ್ಷದ ಕೆಲ್ಸ ಆಳ್ ಮಾಡ್ದೆ."

"ಇಲ್ಲಿ ಬಾ," ಅಂದ ಸುನೀಲ. ಅವಳ ಕೈಯನ್ನು ಹಿಡಿದು ಸೀಟಿನ ಹಿಂದಿನ ಟ್ಯಾಂಕಿನ ಮೇಲೆ ಇಟ್ಟ. ಅವಳು ಥಟ್ಟನೆ ಕೈ ಎಳೆದುಕೊಂಡಳು. ಟ್ಯಾಂಕು ಸುಡುತ್ತಿತ್ತು.

"ನೋಡ್ದಾ? ನೀನು ಸರ್ಯಾಗೇ ಓಡ್ಸಿದ್ದೀಯ. ಬಿಸಿಲಲ್ಲಿ ನಿಂತು ನಿಂತು ನೀರೇ ಕಾದೋಗದೆ. ಕಾದಿರೋ ನೀರು ಗಾಳೀನ ಎಂಗೆ ತಣ್ಣಗೆ ಮಾಡೀತು? ಬೆಳಗ್ಗೆ ಓಡ್ಸಿ ನೋಡ್ಕೊಂಡು ಸರಿಯದೆ ಅನ್ಕೊಂಡೆ ನಾನು. ಬಿಸಿಲು ಲೆಕ್ಕಕ್ಕೇ ತಕೊಳ್ನಿಲ್ಲ. ತಪ್ಪು ನಂದು ಕಣೇ."

"ಸಮಾಧಾನಕ್ಕೆ ಯೋಳ್ತಿದ್ದೀರ."

"ಎಂಜಿನ್ ವಿಷ್ಯದಲ್ಲಿ ನಾನು ಯಾವತ್ತಾದ್ರೂ ಸುಳ್ಳು ಯೋಳಿದ್ದೀನಾ?"

ಸುಕನ್ಯ ಸ್ವಲ್ಪ ನಕ್ಕಳು. ಕಣ್ಣಂಚಿನಲ್ಲಿ ಧೂಳು ಕೆಸರಾಗಿತ್ತು.

ನೀರನ್ನು ಬದಲಾಯಿಸಿದರೆ ಸಾಕೇ ಎಂದು ಶಶಿಕುಮಾರ ಕೇಳಿದ. ಸಾಲದು; ಎರಡನೇ ಸರದಿಗೂ ಅಷ್ಟೇ ಹೊತ್ತು ಬಿಸಿಲಲ್ಲಿ ನಿಲ್ಲಬೇಕು. ಟ್ಯಾಂಕಿಗೆ ಐಸು ತುಂಬಬೇಕು ಅಂದ ಸುನೀಲ. ಬಿಳಿಕೆರೆಯ ಅಂಗಡಿಗಳಲ್ಲಿ ವಿಚಾರಿಸಿದರು. ಜ್ಯೂಸ್ ಅಂಗಡಿಯಲ್ಲಿ ಐಸು ಮುಗಿದಿತ್ತು, ಉಳಿದ ಕಡೆ ತಣ್ಣನೆಯ ಬಾಟಲಿಗಳಷ್ಟೇ ಇದ್ದವು. ಹುಣಸೂರಿನ ಮೀನಂಗಡಿಗಳಲ್ಲಿ ಗಡ್ಡೆ ಐಸು ಸಿಗುತ್ತದೆ. ಆದರೆ ಇಲ್ಲಿಂದ ಹೋಗಿ ಮತ್ತೆ ಬರುವಷ್ಟು ಹೊತ್ತಿಲ್ಲ. ಅಲ್ಲಿಂದಲೇ ಯಾರಾದರೂ ತಂದರೆ ಆದೀತು. ಶಶಿಕುಮಾರ ಇಬ್ಬರಿಗೆ ಫೋನ್ ಮಾಡಿದ. ಒಬ್ಬ ಯಾವುದೋ ಮದುವೆಗೆಂದು ಎಚ್.ಡಿ. ಕೋಟೆಗೆ ಹೋಗಿದ್ದ, ಇನ್ನೊಬ್ಬ ಫೋನ್ ಎತ್ತಲಿಲ್ಲ.

ಸುನೀಲ ಸುಕನ್ಯಳನ್ನು ನೋಡಿದ. ಅವಳಿಗೆ ಅರ್ಥವಾಯಿತು. ಪುಟ್ಟಸಿದ್ದಮ್ಮ ಆವತ್ತು ತಂಗಿ ಪುಟ್ಟಲಕ್ಷ್ಮಿಯನ್ನು ನೋಡಲು ಹುಣಸೂರಿಗೆ ಹೋಗಿದ್ದಳು.

"ಬ್ಯಾಡ ಕಣ್ರೀ," ಅಂದಳು ಸುಕನ್ಯ. "ಎರಡ್ನೇದು ಓಡ್ಸದೇ ಇದ್ರೂ ಪರ್ವಾಗಿಲ್ಲ. ಅತ್ತೆಗೆ ಗೊತ್ತಾಗೋದು ಬ್ಯಾಡ."

ಸುನೀಲ ಫೋನ್ ಮಾಡಿಯೇ ಬಿಟ್ಟ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ್ದ, ಸುತ್ತ ಎಂಜಿನ್ನುಗಳ ಗದ್ದಲ ಅಷ್ಟಿತ್ತು.

"ಅವ್ವ, ಮೀನಂಗ್ಡೀಲಿ ಐಸು ಸಿಕ್ತದಲ್ಲ, ಅದು ಒಂದು ಡಬ್ಬ ತುಂಬ ತಕೊಂಡು ಬೇಗ ಬಿಳಿಕೆರೆಗೆ ಬಾ. ಬಸ್ಸಿಳಿಯೋ ಕಡೆ ನಾನೇ ಬತ್ತೀನಿ."

ಲೈನ್ ಕಟ್ಟಾಯಿತೇನೋ ಎಂದು ಅವನು ಮತ್ತೆ "ಅವ್ವ?" ಅಂದ.

"ಐಸು ಯಾಕ್ಲಾ?" ಪುಟ್ಟಸಿದ್ದಮ್ಮನ ದನಿ ಒಣಗಿತ್ತು. "ಯಾರ್ಗೇನಾಯ್ತು? ಸುಕನ್ಯ ಎಲ್ಲವ್ಳೆ? ನಿಜ ಯೋಳ್ಲಾ."

ಅಪ್ಪನನ್ನು ಜಗಲಿಯ ಮೇಲೆ ಮಲಗಿಸಿ, ದೂರದ ನೆಂಟರು ಬರುವವರೆಗೆ ಸುತ್ತ ಐಸಿನ ಗಡ್ಡೆ ಜೋಡಿಸಿದ್ದು ಸುನೀಲನಿಗೆ ಆಗ ನೆನಪಾಯಿತು. ಕರಗಿದ ನೀರು ಜಗಲಿಯಿಂದ ಅಂಗಳಕ್ಕೆ ಇಳಿಯುತ್ತಿದ್ದುದನ್ನು ಅಮ್ಮ ರಾತ್ರಿಯೆಲ್ಲ ಗೋಣಿಚೀಲದಿಂದ ಒರೆಸುತ್ತಿದ್ದಳು. ಅವತ್ತಿನಿಂದ ಅವಳು ಐಸು ಮುಟ್ಟಿದ್ದನ್ನು ಅವನು ನೋಡಿರಲಿಲ್ಲ. ಇಷ್ಟು ವರ್ಷ ಗೊತ್ತಿದ್ದೂ, ಫೋನಿನಲ್ಲಿ ಹೀಗೆ ಕೇಳಿಬಿಟ್ಟಿದ್ದ.

ಸುಕನ್ಯಳೇ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ಅತ್ತೆ, ನಾನು ಸುಕನ್ಯ. ನಂಗೇನೂ ಆಗಿಲ್ಲ ಅತ್ತೆ. ಅವ್ರಿಗೂ ಏನೂ ಆಗಿಲ್ಲ. ಇಬ್ರೂ ಚೆಂದಾಗಿದ್ದೀವಿ, ಇಲ್ಲೇ ನಿಂತಿದ್ದೀವಿ."

"ಮತ್ತೆ?"

"ನಾನು ಸಂಘದ ಮೀಟಿಂಗ್‌ಗೆ ಬಂದಿಲ್ಲ. ಬಿಳಿಕೆರೆ ತಾವ ಒಲದಲ್ಲಿ ಕಾರು ಓಡಿಸ್ತಾವ್ನಿ. ರೇಸು. ಒಂದ್ಸಲ ಓಡ್ಸಿದೆ, ಇನ್ನೊಂದ್ಸಲ ಅದೆ. ಎಂಜಿನ್ ಕಾದೋಗದೆ, ಅದುಕ್ಕೆ ಐಸು." ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅತ್ತೆ, ಎಲ್ಲ ಭಾನುವಾರನೂ ನಿಮ್ಮತ್ರ ಸುಳ್ಳೇಳ್ದೆ. ನೀವು ಬರಬ್ಯಾಡಿ ಅತ್ತೆ. ನಿಮ್ಗೆ ಐಸು ಅಂದ್ರೆ... ನಾವು ಹಿಂಗೇ ಮನೆಗೆ ಬಂದ್ಬುಡ್ತೀವಿ."

"ಕೈಕಾಲೆಲ್ಲ ನೆಟ್ಟಗವಾ?" ಅಂದಳು ಪುಟ್ಟಸಿದ್ದಮ್ಮ.

"ಅವೆ ಅತ್ತೆ."

ಲೈನ್ ಕಟ್ಟಾಯಿತು.

ಅಮ್ಮ ಬರುತ್ತಾಳೆ ಎಂದು ಸುನೀಲನಿಗೂ ಅನ್ನಿಸಲಿಲ್ಲ. ಅವನು ಟ್ಯಾಂಕಿನ ಬಿಸಿ ನೀರನ್ನು ಹೊರಗೆ ಚೆಲ್ಲಿ, ಹೊಲದ ಪಕ್ಕದ ಬೋರ್‌ವೆಲ್‌ನಿಂದ ನೀರು ಹೊತ್ತು ತಂದ. ಶಶಿಕುಮಾರ ಗೋಣಿಚೀಲ ನೆನೆಸಿ ಬಾನೆಟ್ಟಿನ ಮೇಲೆ ಹಾಸಿದ. ಸುಕನ್ಯ ಕಾರಿನ ನೆರಳಿನಲ್ಲಿ ಮಂಡಿಗೆ ಮುಖ ಒತ್ತಿ ಕೂತುಬಿಟ್ಟಿದ್ದಳು. "ಈಗ ಅವ್ರು ಎಂಗವ್ರೋ ಏನೋ," ಎಂದು ಒಮ್ಮೆ ಅಂದಳು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಂದು ಆಟೋ ಧೂಳೆಬ್ಬಿಸಿಕೊಂಡು ಹೊಲದೊಳಕ್ಕೇ ಬಂತು. ಪುಟ್ಟಸಿದ್ದಮ್ಮ ಇಳಿದಳು. ಬಸ್ಸು ಕಾಯದೆ ಹುಣಸೂರಿನಿಂದಲೇ ಆಟೋ ಮಾಡಿಸಿಕೊಂಡು ಬಂದಿದ್ದಳು. ಮಡಿಲಲ್ಲಿ ಇಟ್ಟುಕೊಂಡು ಬಂದ ಥರ್ಮಾಕೋಲ್ ಡಬ್ಬ ಒಸರಿ ಸೀರೆಯ ಮುಂಭಾಗವೆಲ್ಲ ಒದ್ದೆಯಾಗಿತ್ತು. ಮೈಯೆಲ್ಲ ಮೀನಿನ ವಾಸನೆ. ಡಬ್ಬವನ್ನು ಮಗನ ಕೈಗೆ ಕೊಟ್ಟು, ಅವನನ್ನು ದಾಟಿ ನೇರ ಸುಕನ್ಯಳ ಹತ್ತಿರ ಹೋದಳು. ಸೊಸೆಯ ಎರಡೂ ತೋಳುಗಳನ್ನು ಮೇಲಿನಿಂದ ಕೆಳಗೆ ಮುಟ್ಟಿ ನೋಡಿದಳು. ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಅತ್ತೆ, ಬೈರಿ," ಅಂದಳು ಸುಕನ್ಯ ಅಳುತ್ತ. "ಒಂದ್ ಮಾತಾದ್ರೂ ಬೈರಿ."

"ಬೈತೀನಿ ಬುಡು, ಮನೇಲಿ." ಪುಟ್ಟಸಿದ್ದಮ್ಮ ಅಲ್ಲೇ ನಿಂತಿದ್ದ ಆಂಬುಲೆನ್ಸನ್ನು ನೋಡಿದಳು. "ಅದ್ಯಾಕ್ ನಿಂತದೆ?"

"ಎಲ್ಲ ರೇಸಲ್ಲೂ ನಿಲ್ಲಿಸ್ತಾರಮ್ಮ, ರೂಲ್ಸು," ಅಂದ ಶಶಿಕುಮಾರ ಮೆಲ್ಲಗೆ. "ಇಲ್ಲಿ ಎದುರಿಂದ ಯಾವ ಗಾಡೀನೂ ಬರಲ್ಲ. ಒಂದೇ ಕಾರು ಓಡೋದು."

ಸುನೀಲ ಐಸನ್ನು ಕಲ್ಲಿನಿಂದ ಕುಟ್ಟಿ ಚೂರು ಮಾಡಿ ಟ್ಯಾಂಕಿಗೆ ತುಂಬುತ್ತಿದ್ದ. ಪುಟ್ಟಸಿದ್ದಮ್ಮ ಬಂದು ಅವನ ಪಕ್ಕ ಕೂತಳು. ಸ್ವಲ್ಪ ಹೊತ್ತು ನೋಡಿ, "ಇದು ಏನ್ ಮಾಡ್ತದ್ಲಾ?" ಅಂದಳು.

"ಎಂಜಿನ್ನು ಗಾಳಿ ಕುಡೀತದೆ ಅವ್ವ. ಈ ಯಂತ್ರ ಗಾಳೀನ ಒತ್ತಿ ಕುಡಿಸ್ತದೆ. ಒತ್ತಿದ್ರೆ ಗಾಳಿ ಕಾಯ್ತದೆ, ಸೈಕಲ್ ಪಂಪು ಹೊಡ್ದಾಗ ಕಾಯ್ತದಲ್ಲ ಅಂಗೆ. ಕಾದ ಗಾಳಿ ಕುಡುದ್ರೆ ಎಂಜಿನ್ಗೆ ಉಸ್ರು ಕಟ್ತದೆ. ಈ ಐಸ್ನೀರು ಗಾಳೀನ ತಂಪು ಮಾಡಿ ಒಳಕ್ ಬುಡ್ತದೆ."

"ತಂಪಾದ್ರೆ ಅವ್ಳಿಗೆ ಒಳ್ಳೇದಾ?"

"ಒಳ್ಳೇದು. ಅವ್ಳು ಒತ್ತಿದಾಗ ಕಾರು ಮಾತು ಕೇಳ್ತದೆ."

ಪುಟ್ಟಸಿದ್ದಮ್ಮ ಡಬ್ಬದೊಳಗೆ ಕೈ ಹಾಕಿದಳು. ಒಂದು ಕ್ಷಣ ಕೈ ಅಲ್ಲೇ ನಿಂತಿತು. ಸುನೀಲ ಅಮ್ಮನನ್ನು ನೋಡಿದ. ಆಮೇಲೆ ಅವಳು ಬೊಗಸೆ ತುಂಬ ಐಸು ತೆಗೆದು ಟ್ಯಾಂಕಿಗೆ ಹಾಕಿದಳು, ಇನ್ನೊಂದು ಬೊಗಸೆ, ಮತ್ತೊಂದು. ಡಬ್ಬ ಖಾಲಿಯಾಗುವವರೆಗೆ ಮಗನಿಗೆ ಕೈ ಹಾಕಲು ಬಿಡಲಿಲ್ಲ. ಬೆರಳುಗಳು ಕೆಂಪಗೆ ಮರಗಟ್ಟಿದ್ದವು. ಸುನೀಲ ಆ ಕೈಗಳನ್ನು ಹಿಡಿದು ತನ್ನ ಅಂಗಿಯೊಳಗೆ, ಬೆಚ್ಚಗಿನ ಹೊಟ್ಟೆಗೆ ಒತ್ತಿಕೊಂಡ.

ಪಂಪು ಹಾಕಿದರು. ಕೂಲರಿನ ಪೆಟ್ಟಿಗೆಯ ಹೊರಗೆ ಸಣ್ಣ ಸಣ್ಣ ಹನಿಗಳು ಮೂಡಿ ಜಾರತೊಡಗಿದವು. ಸುಕನ್ಯಳ ಹೆಸರು ಕರೆದರು.

ಅವಳು ಸೀಟಿನಲ್ಲಿ ಕೂತು ಅತ್ತೆಯನ್ನೇ ನೋಡುತ್ತಿದ್ದಳು. "ನೀವು ಬ್ಯಾಡ ಅಂದ್ರೆ ಇಳೀತೀನಿ ಅತ್ತೆ. ಬೇಜಾರ್ ಮಾಡ್ಕೊಳಲ್ಲ."

ಪುಟ್ಟಸಿದ್ದಮ್ಮನಿಗೆ ಬೇಡ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸೊಸೆಯ ಮುಖ ನೋಡಿದಳು. ಹೆಲ್ಮೆಟ್ಟಿನಿಂದ ಆಚೆ ಬಂದಿದ್ದ ಕೂದಲನ್ನು ಒಳಗೆ ಸೇರಿಸಿ, ಗಲ್ಲದ ಕೆಳಗಿನ ಪಟ್ಟಿಯನ್ನು ಎಳೆದು ನೋಡಿದಳು. "ಇದು ಸಡ್ಲಾಗದೆ ಕಣ್ಲಾ," ಎಂದು ಮಗನಿಗೆ ಹೇಳಿ ಬಿಗಿ ಮಾಡಿಸಿದಳು. ಆಮೇಲೆ ಕಾರಿನ ಪಕ್ಕದಿಂದ ಹಿಂದಕ್ಕೆ ಸರಿದು ನಿಂತಳು. "ಓಗು ಮಗ," ಅಂದಳು. "ನಾನು ಇಲ್ಲೇ ನಿಂತಿರ್ತೀನಿ."

ಕಾರು ಹೊರಟ ಸದ್ದಿಗೆ ಪುಟ್ಟಸಿದ್ದಮ್ಮ ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಧೂಳು ಅವರ ಮೇಲೆಯೇ ಬಂತು. ಸುನೀಲ ಸದ್ದು ಕೇಳುತ್ತಿದ್ದ. ಮೊದಲ ತಿರುವಿನಲ್ಲಿ ಸುಕನ್ಯ ಸ್ವಲ್ಪ ಅಗಲಕ್ಕೆ ಹೋದಳು, ಒಂದು ಟೈರು ತಾಗಿ ಹಾರಿತು. ಜನ ಓ ಅಂದರು. ಆದರೆ ಅರ್ಧ ದಾರಿ ದಾಟಿದ ಮೇಲೂ ಎಂಜಿನ್ ಮಂಕಾಗಲಿಲ್ಲ. ಕೊನೆಯ ತಿರುವು ಕಳೆದು ನೇರ ದಾರಿಗೆ ಬಂದಾಗ ಸುಕನ್ಯ ಕಾಲು ಒತ್ತಿದಳು. ಸೂಪರ್‌ಚಾರ್ಜರಿನ ಸಣ್ಣ ಶಿಳ್ಳೆ ಏರಿತು, ಕಾರು ಮುಂದಕ್ಕೆ ಹಾರಿತು.

"ಅವ್ವ, ಕಣ್ ಬುಡು," ಅಂದ ಸುನೀಲ. "ನೋಡು. ನೋಡವ್ವ."

ಪುಟ್ಟಸಿದ್ದಮ್ಮ ಕಣ್ಣು ಬಿಟ್ಟಳು. ಕೆಂಪು ಕಾರು ಕೊನೆಯ ಗೆರೆ ದಾಟಿ, ದೂರದಲ್ಲಿ ನಿಧಾನವಾಗಿ ತಿರುಗಿ, ಅವರ ಕಡೆಗೇ ಬರುತ್ತಿತ್ತು.

ಟೈರು ತಾಗಿದ್ದಕ್ಕೆ ಒಂದಿಷ್ಟು ದಂಡದ ಹೊತ್ತು ಸೇರಿಸಿದರೂ ಸುಕನ್ಯ ಹೆಂಗಸರಲ್ಲಿ ಮೂರನೆಯವಳಾಗಿ ಬಂದಳು. ಒಂದು ಚಿಕ್ಕ ಕಪ್ ಕೊಟ್ಟರು. ಅದನ್ನು ಅತ್ತೆಯ ಕೈಗೆ ಕೊಟ್ಟಳು. ಪುಟ್ಟಸಿದ್ದಮ್ಮ ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಗೊತ್ತಾಗದೆ ಖಾಲಿ ಥರ್ಮಾಕೋಲ್ ಡಬ್ಬದೊಳಗೆ ಹಾಕಿಕೊಂಡಳು. ಶಶಿಕುಮಾರ ತನ್ನ ಇನ್ನೊಂದು ಕಾರಿನಲ್ಲಿ ಮೂವರನ್ನೂ ಮನೆಯವರೆಗೆ ಬಿಟ್ಟ. ದಾರಿಯುದ್ದಕ್ಕೂ ಅವನೂ ಸುನೀಲನೂ ಟ್ಯಾಂಕನ್ನು ದೊಡ್ಡದು ಮಾಡುವುದು, ಮುಂದಿನ ಗ್ರಿಲ್ಲಿನ ಹಿಂದೆ ಒಂದು ಸಣ್ಣ ರೇಡಿಯೇಟರ್ ಸೇರಿಸುವುದು, ಎಂಜಿನ್ನಿನ ಬಿಸಿ ತಾಗದಂತೆ ಪೈಪುಗಳಿಗೆ ಬಟ್ಟೆ ಸುತ್ತುವುದು ಇದನ್ನೇ ಮಾತಾಡಿದರು.

ಸಂಜೆ ಪುಟ್ಟಸಿದ್ದಮ್ಮ ಬಚ್ಚಲೊಲೆಗೆ ಉರಿ ಹಾಕಿ ಹಂಡೆ ನೀರು ಕಾಯಿಸಿದಳು. ಸುಕನ್ಯಳ ತಲೆಯಲ್ಲಿ ಹೊಲದ ಮಣ್ಣೆಲ್ಲ ಸೇರಿ ಕೂದಲು ಹಗ್ಗವಾಗಿತ್ತು. "ಬಾ, ಕೂತ್ಕೊ," ಎಂದು ಮಣೆ ಹಾಕಿ, ಸೀಗೆಪುಡಿ ಕಲಸಿ ತಲೆಗೆ ತಿಕ್ಕಿದಳು. ಮೊದಲ ಚೊಂಬಿಗೆ ನೀರು ಕೆಂಪಗೆ ಇಳಿಯಿತು.

"ಈಗ ಬೈರಿ," ಅಂದಳು ಸುಕನ್ಯ ಕಣ್ಣು ಮುಚ್ಚಿಕೊಂಡು.

"ಓಡ್ಸಿದ್ದಕ್ಕೆ ಬೈಯಲ್ಲ. ಮುಚ್ಚಿಟ್ಟಿದ್ದಕ್ಕೆ ಬೈತೀನಿ. ಇಂತ ಕಡೆ ಇಂತದ್ದು ಮಾಡ್ತಾವ್ಳೆ ಅಂತ ಗೊತ್ತಿದ್ರೆ ಆ ಗಳ್ಗೆ ಮಾತ್ರ ಭಯ. ಗೊತ್ತಿಲ್ಲದಿದ್ರೆ ದಿನಾ ಭಯ ಕಣವ್ವ. ಇವತ್ತು ಐಸು ಅಂದಾಗ ನನ್ನ ಜೀವ ಎಲ್ಲೋಯ್ತು ಗೊತ್ತಾ?"

"ಇನ್ಮೇಲೆ ಮುಚ್ಚಿಡಲ್ಲ ಅತ್ತೆ."

ಪುಟ್ಟಸಿದ್ದಮ್ಮ ಇನ್ನೊಂದು ಚೊಂಬು ಹಾಕಿದಳು. ಬೆರಳುಗಳಿಂದ ಕೂದಲ ಸಿಕ್ಕು ಒಂದೊಂದಾಗಿ ಬಿಡಿಸುತ್ತ ಕೇಳಿದಳು. "ಅಷ್ಟು ಜೋರಾಗಿ ಓಡ್ಸೋವಾಗ ಏನ್ ಅನ್ನಿಸ್ತದೆ ಮಗ?"

ಸುಕನ್ಯ ತಲೆ ಎತ್ತಿ ನೋಡಲು ಹೋದಳು. ಅತ್ತೆ ಮೆತ್ತಗೆ ಮತ್ತೆ ಬಗ್ಗಿಸಿದಳು.

"ನಿಮ್ಮಾವ ಲಾರಿ ಇಳ್ದು ಬತ್ತಿದ್ರು. ಯಾವೂರ್ಗೆ ಓಗಿದ್ರಿ, ಏನ್ ತಂದ್ರಿ, ಮತ್ತೆ ಯಾವಾಗ ಓಯ್ತೀರಿ, ಇಷ್ಟೇಯ ನಾನು ಕೇಳ್ತಿದ್ದುದು. ಓಡ್ಸೋವಾಗ ಎಂಗಿರ್ತದೆ ಅಂತ ಒಂದಿನಾನೂ ಕೇಳ್ನಿಲ್ಲ. ಅವ್ರಿಗೆ ಯೋಳೋ ಆಸೆ ಇತ್ತೋ ಏನೋ. ನೀನು ಯೋಳು."

ಬಚ್ಚಲೊಲೆಯಲ್ಲಿ ಸೌದೆ ಚಟಪಟ ಅಂದಿತು. "ಮೊದ್ಲು ಯಾರೋ ಬೆನ್ನಿಗೆ ಕೈಕೊಟ್ಟು ತಳ್ದಂಗಾಯ್ತದೆ ಅತ್ತೆ," ಎಂದು ಸುಕನ್ಯ ಶುರು ಮಾಡಿದಳು. "ಆಮ್ಯಾಕೆ ಜನಾನೂ ಕಾಣಲ್ಲ, ಸದ್ದೂ ಕೇಳಲ್ಲ. ಮುಂದಿನ ತಿರುವು ಒಂದೇ ಕಾಣೋದು. ಅದು ದಾಟಿದ್ಮೇಲೆ ಇನ್ನೊಂದು..."

ಪುಟ್ಟಸಿದ್ದಮ್ಮ ಬಿಸಿ ನೀರಿನ ಚೊಂಬನ್ನು ಕೆಳಗಿಟ್ಟು, ಒದ್ದೆ ನೆಲದ ಮೇಲೆಯೇ ಸೊಸೆಯ ಎದುರಿಗೆ ಕೂತು ಕೇಳತೊಡಗಿದಳು.